ಜಾವಾ 250ರ ಕ್ಲಚ್: ಕಾರ್ಕ್, ರೆಡಿ ಫೈಬರ್, ಬೇರೆ ಬೈಕಿನ ಡ್ರಮ್, ಇಲ್ಲಾ ಅಳತೆ ಕೊಟ್ಟು ಮಾಡಿಸಿದ ಪ್ಲೇಟ್?

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಅಳತೆ ಕೊಟ್ಟು ಮಾಡಿಸಿದ ಪ್ಲೇಟಿಗೇ. ಹಳೇ ಡ್ರಮ್ (ಇಂಜಿನ್ ತಿರುಗಿಸೋ ಹೊರಗಿನ ಬಟ್ಟಲು), ಹಳೇ ಹಬ್ (ಗೇರ್ ಬಾಕ್ಸ್ ತಿರುಗಿಸೋ ಒಳಗಿನ ಭಾಗ), ಹಳೇ ಸ್ಪ್ರಿಂಗ್ (ಎರಡರ ಮಧ್ಯದ ಪ್ಲೇಟುಗಳನ್ನ ಒತ್ತಿ ಹಿಡಿಯೋದು) ಎಲ್ಲಾ ಹಾಗೇ ಇಟ್ಕೊಂಡು, ಕಾರ್ಕ್ ಪ್ಲೇಟ್ ಇದ್ದ ಜಾಗಕ್ಕೆ ಮಾತ್ರ ಹೊಸದಾಗಿ ಸ್ಟೀಲ್ ಕಟ್ ಮಾಡಿಸಿ, ಎರಡೂ ಮಗ್ಗುಲಿಗೆ ಈಗಿನ ಬೈಕುಗಳಲ್ಲಿ ಬರೋ ಥರದ ಪೇಪರ್ ಲೈನಿಂಗ್, ಅಂದ್ರೆ ಹಿಡಿತ ಕೊಡೋ ಪದರ, ಅಂಟಿಸಿದ್ದು. ಬಾಕಿ ಮೂರನ್ನೂ ಓಡಿಸಿ ನೋಡಿದ್ದೀನಿ, ಎರಡು ನನ್ನ ಗಾಡಿಯಲ್ಲೇ, ಒಂದು ಸ್ನೇಹಿತರ ಗಾಡಿಯಲ್ಲಿ.

ಗಾಡಿ ಮೈಸೂರಲ್ಲೇ ತಯಾರಾದ ಟೈಪ್ 353, ಅರವತ್ತರ ದಶಕದ್ದು. ಐಡಿಯಲ್ ಜಾವಾ ಫ್ಯಾಕ್ಟರಿ ಬಗ್ಗೆ, ಯಾದವಗಿರಿ ಬಗ್ಗೆ, 1996ರಲ್ಲಿ ಬಾಗಿಲು ಹಾಕಿದ ಬಗ್ಗೆ ಎಲ್ಲರಿಗೂ ಗೊತ್ತು, ಅದನ್ನ ಮತ್ತೆ ಹೇಳಲ್ಲ. ಸಿಸಿ, ಹಾರ್ಸ್‌ಪವರ್ ಕೂಡ ಬಿಡಿ. ಆದ್ರೆ ಈ ಗಾಡಿ ಕ್ಲಚ್ ಬಗ್ಗೆ ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳದೇ ಇದ್ರೆ ಮುಂದಿನ ಯಾವ ಮಾತೂ ಅರ್ಥ ಆಗಲ್ಲ, ಅದು ಸೆಮಿ ಆಟೋಮ್ಯಾಟಿಕ್ ಕ್ಲಚ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಪೆರಾಕ್ ಮಾಡೆಲ್‌ನಿಂದಲೇ ಜಾವಾದವರು ಇದನ್ನ ಕೊಡ್ತಾ ಬಂದಿದ್ದು. ಗೇರ್ ಲಿವರನ್ನ ಕಾಲಲ್ಲಿ ಒತ್ತಿದಾಗ ಆ ಲಿವರಿನ ಶಾಫ್ಟ್ ತಿರುಗೋ ಮೊದಲ ಭಾಗದಲ್ಲೇ ಕ್ಲಚ್ ಎತ್ತುತ್ತೆ, ಆಮೇಲೆ ಗೇರ್ ಬೀಳುತ್ತೆ. ಕೈ ಲಿವರ್ ಮುಟ್ಟೋದೇ ಬೇಡ. ಓಡ್ತಾ ಓಡ್ತಾ ಬರೀ ಕಾಲಲ್ಲಿ ಎರಡರಿಂದ ಮೂರಕ್ಕೆ ಹಾಕಿದಾಗ ಸಿಗೋ ಆ ಮೆತ್ತನೆ ಸುಖ ಇನ್ಯಾವ ಗಾಡಿಯಲ್ಲೂ ನನಗೆ ಸಿಕ್ಕಿಲ್ಲ, ಅದನ್ನ ಕಳ್ಕೊಂಡು ಜಾವಾ ಇಟ್ಕೊಳ್ಳೋಕೆ ನನಗೆ ಮನಸ್ಸಿಲ್ಲ. ಈ ಹೋಲಿಕೆ ಪೂರ್ತಿ ಇದರ ಮೇಲೇ ನಿಂತಿದೆ.

ಕಾರ್ಕ್ ಬಗ್ಗೆ ಕೆಟ್ಟದಾಗಿ ಮಾತಾಡೋಕೆ ನನಗೆ ಇಷ್ಟ ಇಲ್ಲ. ಎಣ್ಣೆಯಲ್ಲಿ ಮುಳುಗಿದ್ರೂ ಹಿಡಿಯುತ್ತೆ, ಒತ್ತಿದಷ್ಟು ಸ್ವಲ್ಪ ಕುಗ್ಗಿ ಮತ್ತೆ ಎದ್ದೇಳುತ್ತೆ, ಅದಕ್ಕೇ ಲಿವರ್ ಬಿಡುವಾಗ ಗಾಡಿ ಹಾರಲ್ಲ, ಮೆಲ್ಲಗೆ ಹೊರಡುತ್ತೆ. ಹಾಕೋ ಮುಂಚೆ ರಾತ್ರಿಯೆಲ್ಲಾ ಎಣ್ಣೆಯಲ್ಲಿ ನೆನೆಸಬೇಕು, ಒಣಗಿದ್ದನ್ನ ಹಾಗೇ ಹಾಕಿದ್ರೆ ಹೊರಟ ಸ್ವಲ್ಪ ಹೊತ್ತಿಗೇ ಸುಟ್ಕೊಂಡುಬಿಡುತ್ತೆ. ತೊಂದರೆ ಶುರುವಾಗೋದು ಬಿಸಿಯಲ್ಲಿ. ಚಾಮುಂಡಿ ಬೆಟ್ಟಕ್ಕೆ ಹಿಂದೆ ಒಬ್ಬರನ್ನ ಕೂರಿಸ್ಕೊಂಡು ಹತ್ತಿದ್ರೆ ಏನೂ ಆಗಲ್ಲ, ಆದ್ರೆ ಬೆಂಗಳೂರಲ್ಲಿ ಸಿಲ್ಕ್ ಬೋರ್ಡ್ ಕಡೆ ಹಾಫ್ ಕ್ಲಚ್‌ನಲ್ಲಿ ಒಂದೊಂದಡಿ ಜರುಗ್ತಾ ನಿಂತ್ರೆ ಕಾರ್ಕಿನ ಮೇಲ್ಮೈ ಕಪ್ಪಾಗಿ, ಗಟ್ಟಿಯಾಗಿ, ಹೊಳೆಯೋಕೆ ಶುರುವಾಗುತ್ತೆ, ಆಮೇಲೆ ಮೂರನೇ ಗೇರಲ್ಲಿ ಥ್ರಾಟಲ್ ಕೊಟ್ರೆ ಸೌಂಡ್ ಮಾತ್ರ ಏರುತ್ತೆ, ಗಾಡಿ ಏರಲ್ಲ. ಇನ್ನೊಂದು ವಿಷಯ, ಈಗ ಕಾರ್ಕ್ ಅಂತ ಸಿಗೋದ್ರಲ್ಲಿ ಮರದ ತೊಗಟೆಯಿಂದ ಇಡಿಯಾಗಿ ಕತ್ತರಿಸಿದ್ದೂ ಇರುತ್ತೆ, ಪುಡಿ ಮಾಡಿ ಅಂಟು ಹಾಕಿ ಒತ್ತಿದ್ದೂ ಇರುತ್ತೆ. ಎರಡನೇದು ಬಿಸಿ ಎಣ್ಣೆಯಲ್ಲಿ ಚೂರು ಚೂರಾಗಿ ಬಿಡುತ್ತೆ. ಉಗುರಲ್ಲಿ ಒತ್ತಿ ನೋಡಿ, ಕಾಳು ಕಾಳಾಗಿ ಎದ್ದು ಬಂದ್ರೆ ವಾಪಸ್ ಕೊಟ್ಬಿಡಿ.

ಈಗ ನನ್ನ ದುಡ್ಡು ಹಾಳಾದ ಕಥೆಗೆ ಬರ್ತೀನಿ, ರೆಡಿ ಸಿಗೋ ಫೈಬರ್ ಸೆಟ್.

ಒಬ್ಬ ಸ್ಪೇರ್ ಅಂಗಡಿಯವರು ಕೊಟ್ಟಿದ್ದು, ಹೆಸರು ಬೇಡ, ಡಬ್ಬದ ಮೇಲೆ ಜಾವಾ ಯೆಜ್ಡಿ ಎರಡಕ್ಕೂ ಅಂತ ಬರೆದಿತ್ತು. ವರ್ನಿಯರ್‌ನಲ್ಲಿ ಅಳೆದ್ರೆ ಒಂದೊಂದು ಪ್ಲೇಟೂ ಹೊಸ ಕಾರ್ಕ್ ಪ್ಲೇಟಿನಷ್ಟೇ ದಪ್ಪ. ಕೂಡ್ತು, ಡ್ರಮ್‌ನಲ್ಲಿ ಸಲೀಸಾಗಿ ಜಾರ್ತು, ಕವರ್ ಮುಚ್ಚಿ ಆಯ್ತು. ಸ್ಟ್ಯಾಂಡ್ ಮೇಲೆ ಕೈ ಲಿವರ್ ಹಿಡಿದು ಗೇರ್ ಹಾಕಿದ್ರೆ ಎಲ್ಲಾ ಸರಿ. ರಸ್ತೆಗೆ ಬಂದು ಬರೀ ಕಾಲಲ್ಲಿ ಗೇರ್ ಹಾಕಿದ್ರೆ ಮಾತ್ರ ಕಡಕ್ ಅಂತ ಸೌಂಡು, ಒಂದೊಂದ್ಸಲ ಗೇರ್ ಅರ್ಧಕ್ಕೇ ನಿಂತು ಕರಕರ ಅನ್ನೋದು. ಕೈಯಲ್ಲಿ ಕ್ಲಚ್ ಹಿಡಿದ್ರೆ ಅದೇ ಗೇರು ಬೆಣ್ಣೆ ಹಾಗೆ ಬೀಳ್ತಿತ್ತು.

ಗ್ಯಾರೇಜ್‌ನವರು ಎರಡು ದಾರಿ ಹೇಳಿದ್ರು, ಒಂದು ಗೇರ್ ಬಾಕ್ಸ್ ಬಿಚ್ಚೋಣ, ಇನ್ನೊಂದು ಆಟೋ ಕ್ಲಚ್ ತೆಗೆದೇ ಹಾಕೋಣ ಸಾರ್, ಈಗ ಯಾರು ಅದನ್ನ ಬಳಸ್ತಾರೆ ಅಂತ. ಎರಡಕ್ಕೂ ನಾನು ಒಪ್ಪಲಿಲ್ಲ. ಕೈ ಲಿವರಲ್ಲಿ ಸರಿ ಇದ್ದು ಕಾಲಲ್ಲಿ ಮಾತ್ರ ತಪ್ಪಾಗ್ತಿದೆ ಅಂದ್ರೆ ಗೇರ್ ಬಾಕ್ಸಿನ ತಪ್ಪಲ್ಲ, ಕ್ಲಚ್ ಎಷ್ಟು ಎತ್ತುತ್ತೆ ಅನ್ನೋದರ ತಪ್ಪು. ಕೈ ಲಿವರನ್ನ ಬೇಕಾದಷ್ಟು ಎಳೀಬಹುದು, ಕೇಬಲ್ ಬಿಗಿ ಮಾಡಬಹುದು, ಅದಕ್ಕೆ ಮಿಗಿಲು ಜಾಗ ಇರುತ್ತೆ. ಕಾಲಿನ ಕಡೆಯ ಎತ್ತುವಿಕೆ ಹಾಗಲ್ಲ, ಅದು ಲೋಹದಲ್ಲಿ ಕಡೆದಿಟ್ಟ ಅಳತೆ, ಅದಕ್ಕಿಂತ ಒಂದು ಕೂದಲೂ ಜಾಸ್ತಿ ಎತ್ತಲ್ಲ.

ಹಾಗಾದ್ರೆ ದಪ್ಪ ಒಂದೇ ಇದ್ದೂ ಯಾಕೆ ಹೀಗೆ? ಇಲ್ಲೇ ಇರೋದು ಸೂಕ್ಷ್ಮ. ಕಾರ್ಕ್ ಪ್ಲೇಟನ್ನ ಮೇಜಿನ ಮೇಲಿಟ್ಟು ಅಳೆದ ದಪ್ಪ ಬೇರೆ, ಸ್ಪ್ರಿಂಗ್ ಒತ್ತಿದಾಗ ಇರೋ ದಪ್ಪ ಬೇರೆ. ಕಾರ್ಕ್ ಕುಗ್ಗುತ್ತೆ, ಫೈಬರ್ ಕುಗ್ಗಲ್ಲ. ಒಂದು ಪ್ಲೇಟಲ್ಲಿ ಅದು ಕಣ್ಣಿಗೆ ಕಾಣದಷ್ಟು, ಎಲ್ಲಾ ಪ್ಲೇಟ್ ಸೇರಿದಾಗ ಅಡುಕಿನ (ಒಂದರ ಮೇಲೊಂದು ಕೂತ ಪ್ಲೇಟುಗಳ) ಎತ್ತರ ಏರಿಬಿಡುತ್ತೆ. ಅಡುಕನ್ನ ಮೇಲಿಂದ ಒತ್ತೋ ಪ್ರೆಷರ್ ಪ್ಲೇಟ್ ಅಷ್ಟು ಹೊರಗೆ ಕೂರುತ್ತೆ, ಸ್ಪ್ರಿಂಗ್ ಜಾಸ್ತಿ ಒತ್ತಿಕೊಂಡು ಲಿವರ್ ಗಟ್ಟಿಯಾಗುತ್ತೆ, ಪ್ರೆಷರ್ ಪ್ಲೇಟನ್ನ ತಳ್ಳಿ ಎತ್ತೋ ಪುಶ್ ರಾಡ್ ಹತ್ತಿರ ಸಂದು ಬೆಳೆಯುತ್ತೆ. ಕಾಲು ಕೊಡೋ ಎತ್ತುವಿಕೆಯಲ್ಲಿ ಒಂದು ಪಾಲು ಆ ಸಂದು ತುಂಬೋಕೇ ಹೋಗುತ್ತೆ, ಕ್ಲಚ್ ಪೂರ್ತಿ ಬಿಡೋ ಮುಂಚೆಯೇ ಗೇರ್ ಸರಿಯೋಕೆ ಶುರು ಮಾಡುತ್ತೆ. ಅದೇ ಕಡಕ್ ಸೌಂಡು. ಹೊಂದಾಣಿಕೆ ಸ್ಕ್ರೂನಲ್ಲಿ ಸರಿ ಮಾಡೋಣ ಅಂದ್ರೆ, ಸಂದು ಕಮ್ಮಿ ಮಾಡಿದಷ್ಟೂ ಬಿಸಿಯಾದಾಗ ಪ್ಲೇಟ್ ಪೂರ್ತಿ ಕೂರದೇ ಸ್ಲಿಪ್ ಆಗೋ ಭಯ. ತಣ್ಣಗಿದ್ದಾಗ ಸರಿ ಮಾಡಿದ್ರೆ ಬಿಸಿಯಲ್ಲಿ ಜಾರುತ್ತೆ, ಬಿಸಿಯಲ್ಲಿ ಸರಿ ಮಾಡಿದ್ರೆ ಬೆಳಿಗ್ಗೆ ಗೇರ್ ಕಚ್ಚುತ್ತೆ.

ಇದು ಸಾಲದು ಅಂತ ಆ ಸೆಟ್ಟಿನ ಲೈನಿಂಗ್ ಇಡೀ ಬಳೆ ಥರ ಸುತ್ತಲೂ ಸಪಾಟ, ಒಂದು ಗೀರು ಕೂಡ ಇಲ್ಲ. ಕಾರ್ಕ್‌ನಲ್ಲಿ ತುಂಡು ತುಂಡು ಮಧ್ಯೆ ಜಾಗ ಇರುತ್ತೆ, ಎಣ್ಣೆ ಅಲ್ಲಿಂದ ಹೊರಗೆ ಹೋಗುತ್ತೆ. ಇದರಲ್ಲಿ ಎಣ್ಣೆಗೆ ದಾರಿಯೇ ಇಲ್ಲ, ಡಿಸೆಂಬರ್ ಬೆಳಿಗ್ಗೆ ಮೈಸೂರು ಚಳಿಗೆ ಪ್ಲೇಟುಗಳು ಅಂಟಿ ಕೂತ್ರೆ ಲಿವರ್ ಹಿಡಿದು ಎಷ್ಟು ಕಿಕ್ ಹೊಡೆದ್ರೂ ಬಿಡ್ತಿರಲಿಲ್ಲ, ಮೊದಲ ಗೇರ್ ಹಾಕಿದ ಕೂಡಲೇ ಗಾಡಿ ಮುಂದಕ್ಕೆ ಎಗರಿ ಆಫ್ ಆಗೋದು.

ಬೇರೆ ಬೈಕಿನ ಪೂರ್ತಿ ಕ್ಲಚ್ ಕೂರಿಸಿರೋದನ್ನ ಸ್ನೇಹಿತರ ಗಾಡಿಯಲ್ಲಿ ಓಡಿಸಿದೆ. ಜಪಾನಿ ಬೈಕಿನ ಡ್ರಮ್ ತಂದು, ಅದರ ಹಲ್ಲು ತೆಗೆದು, ಜಾವಾ ಚೈನಿಗೆ ತಕ್ಕ ಸ್ಪ್ರಾಕೆಟ್ ರಿವೆಟ್ ಮಾಡಿ, ಒಳಗಿನ ಹಬ್ಬನ್ನ ಲೇತ್‌ನಲ್ಲಿ ಹೊಸದಾಗಿ ಕಡೆಸಿದ್ದಾರೆ. ಲೇತ್ ಕೆಲಸ ನೋಡಿ ಕೈ ಮುಗೀಬೇಕು, ಅಷ್ಟು ಚೊಕ್ಕ. ಲಿವರ್ ಎರಡು ಬೆರಳಲ್ಲಿ ಬರುತ್ತೆ, ಸ್ಲಿಪ್ ಅನ್ನೋ ಮಾತೇ ಇಲ್ಲ, ಪ್ಲೇಟು ಬೇಕಂದ್ರೆ ಯಾವ ಊರಲ್ಲಾದ್ರೂ ಸಿಗುತ್ತೆ. ಆದ್ರೆ ಆಟೋ ಕ್ಲಚ್ ಹೋಯ್ತು. ಖರ್ಚೂ ಅಷ್ಟೇ, ಕಾರ್ಕ್ ಸೆಟ್ ಎಷ್ಟೋ ಸಲ ಬದಲಾಯಿಸಬಹುದಾದಷ್ಟು. ವಾಪಸ್ ಹಳೇದಕ್ಕೆ ಹೋಗೋ ಮನಸ್ಸು ಬಂದ್ರೆ ಹಳೇ ಭಾಗ ಎಲ್ಲಾ ಜೋಪಾನ ಇಟ್ಟಿರಬೇಕು. ದಿನಾ ನಲವತ್ತು ಐವತ್ತು ಕಿಲೋಮೀಟರ್ ಟ್ರಾಫಿಕ್‌ನಲ್ಲಿ ಓಡಿಸೋರಿಗೆ ಇದೇ ಸರಿ ಅಂತ ನಾನೂ ಒಪ್ತೀನಿ, ಆದ್ರೆ ನನ್ನ ಓಡಾಟ ಅಷ್ಟಿಲ್ಲ.

ಇನ್ನು ನನ್ನ ಪ್ಲೇಟಿನ ವಿಷಯ. ಫೈಬರ್ ಸೆಟ್ಟಿನ ಪಾಠ ಕಣ್ಣ ಮುಂದೇ ಇತ್ತಲ್ಲ, ಅದಕ್ಕೆ ಮೊದಲು ಹಳೇ ಕಾರ್ಕ್ ಅಡುಕನ್ನ ಸ್ಪ್ರಿಂಗ್ ಸಮೇತ ಹಬ್ಬಿನಲ್ಲಿ ಕೂರಿಸಿ, ಒತ್ತಡದಲ್ಲಿ ಇರುವಾಗಲೇ ಎತ್ತರ ಅಳೆದಿಟ್ಕೊಂಡ್ವಿ. ಆ ಸಂಖ್ಯೆಯಿಂದ ಸ್ಟೀಲ್ ಪ್ಲೇಟುಗಳ ದಪ್ಪ ಕಳೆದು, ಉಳಿದದ್ದನ್ನ ಲೈನಿಂಗ್‌ಗೆ ಹಂಚಿದ್ವಿ. ಡ್ರಾಯಿಂಗ್ ತಗೊಂಡು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಲ್ಲಿ ವೈರ್‌ಕಟ್ (ಕರೆಂಟ್ ಹರಿಯೋ ತೆಳು ತಂತಿಯಲ್ಲಿ ಲೋಹ ಕತ್ತರಿಸೋದು) ಮಾಡಿಸಿದ್ದು. ಲೇಸರ್‌ನಲ್ಲಿ ಕಮ್ಮಿಗೆ ಆಗುತ್ತೆ, ಆದ್ರೆ ಡ್ರಮ್ಮಿನ ಸಂದಿನೊಳಗೆ ಜಾರೋ ಪ್ಲೇಟಿನ ಕಿವಿಗಳ ಅಂಚು ನುಣ್ಣಗಿರಬೇಕು, ಬರ್ (ಕತ್ತರಿಸಿದ ಅಂಚಿನ ಮುಳ್ಳು) ಇದ್ರೆ ಡ್ರಮ್ಮಿನ ಸಂದು ಕಚ್ಚಿ ಗುಳಿ ಬೀಳುತ್ತೆ, ಒಂದ್ಸಲ ಗುಳಿ ಬಿದ್ರೆ ಪ್ಲೇಟ್ ಅಲ್ಲೇ ಸಿಕ್ಕಿಹಾಕಿಕೊಂಡು ಯಾವ ಕ್ಲಚ್ ಹಾಕಿದ್ರೂ ಡ್ರ್ಯಾಗ್ (ಲಿವರ್ ಹಿಡಿದ್ರೂ ಪೂರ್ತಿ ಬಿಡದೇ ಎಳೆಯೋದು) ಹೋಗಲ್ಲ. ಲೇಸರ್ ಮಾಡಿಸೋದಾದ್ರೆ ಕೂತ್ಕೊಂಡು ಒಂದೊಂದು ಕಿವಿಯನ್ನೂ ಅರದಲ್ಲಿ ಉಜ್ಜಬೇಕು. ಬಂದ ಪ್ಲೇಟನ್ನೆಲ್ಲಾ ದಪ್ಪ ಗಾಜಿನ ಮೇಲಿಟ್ಟು ಫೀಲರ್ ಗೇಜ್ (ಸಂದು ಅಳೆಯೋ ತೆಳು ತಗಡು) ತೂರಿಸಿ ನೋಡಿ, ಸೊಟ್ಟ ಇದ್ದದ್ದನ್ನ ಪಕ್ಕಕ್ಕೆ ಹಾಕಿದ್ವಿ.

ಲೈನಿಂಗ್ ಅಂಟಿಸೋದು ಮನೆ ಕೆಲಸ ಅಲ್ಲ. ಬ್ರೇಕ್ ಶೂಗೆ ಲೈನಿಂಗ್ ಹಾಕೋರ ಹತ್ತಿರ ಬಿಸಿ ಕೊಟ್ಟು ಒತ್ತಿ ಅಂಟಿಸೋ ವ್ಯವಸ್ಥೆ ಇರುತ್ತೆ, ಅಲ್ಲೇ ಮಾಡಿಸಿ. ಅಂಗಡಿಯಲ್ಲಿ ಸಿಗೋ ಟ್ಯೂಬ್ ಅಂಟು ಬಿಸಿ ಎಣ್ಣೆಗೆ ತಡೆಯಲ್ಲ, ಕಿತ್ತು ಬಂದ ಚೂರು ಗೇರ್ ಬಾಕ್ಸ್ ಒಳಗೇ ಹೋಗೋದು, ಯಾಕಂದ್ರೆ ಈ ಗಾಡಿಯಲ್ಲಿ ಕ್ಲಚ್ಚಿಗೂ ಗೇರ್ ಬಾಕ್ಸಿಗೂ ಒಂದೇ ಎಣ್ಣೆ. ಲೈನಿಂಗ್ ಮೇಲೆ ಒಳಗಿಂದ ಹೊರಕ್ಕೆ ಗೀರು ಹಾಕಿಸೋದು ಮರೀಬೇಡಿ.

ಫಲ? ಕಾಲಲ್ಲಿ ಗೇರ್ ಹಾಕಿದ್ರೆ ಟಕ್ ಅಂತ ಸಣ್ಣ ಸೌಂಡು, ಅಷ್ಟೇ. ಕೈ ಲಿವರ್ ಕಾರ್ಕ್ ಇದ್ದಾಗಿನಷ್ಟೇ ಭಾರ. ಚಾಮುಂಡಿ ಬೆಟ್ಟ ಇಬ್ಬರು ಕೂತು ಹತ್ತಿದ್ವಿ, ಆಮೇಲೆ ಬೇಕಂತಲೇ ಮೈಸೂರು ರೋಡಲ್ಲಿ ಸಂಜೆ ಹೊತ್ತು ಕೆಂಗೇರಿಯಿಂದ ಒಳಗೆ ಬಂದೆ, ಟ್ರಾಫಿಕ್‌ನಲ್ಲಿ ಎಲ್ಲೂ ಜಾರಲಿಲ್ಲ. ಹೊರಡುವಾಗಿನ ಮೆತ್ತನೆತನದಲ್ಲಿ ಮಾತ್ರ ಕಾರ್ಕೇ ಒಂದು ಕೈ ಮೇಲು, ಲೈನಿಂಗ್ ಸ್ವಲ್ಪ ಗಕ್ಕನೆ ಹಿಡಿಯುತ್ತೆ, ಕೈ ಒಗ್ಗೋಕೆ ಸಮಯ ಬೇಕು. ಚಳಿಯಲ್ಲಿ ಲಿವರ್ ಹಿಡಿದು ಒಂದೆರಡು ಸಲ ಕಿಕ್ಕರ್ ಒತ್ತಿ ಪ್ಲೇಟ್ ಬಿಡಿಸ್ಕೊಳ್ಳೋ ಹಳೇ ಅಭ್ಯಾಸ ಇದಕ್ಕೂ ಬೇಕು.

ಎಣ್ಣೆ ಬಗ್ಗೆ ಒಂದೇ ಮಾತು: ಕಾರಿಗೆ ಹಾಕೋ ಎಣ್ಣೆ ಬೇಡ, ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 (ಎಣ್ಣೆಯಲ್ಲಿ ಓಡೋ ಬೈಕ್ ಕ್ಲಚ್ಚಿಗೆ ಆಗುತ್ತೆ ಅನ್ನೋ ಜಪಾನಿ ಗುರುತು) ಅಂತ ಇರೋದು ನೋಡಿ ತಗೊಳ್ಳಿ.

ದುಡ್ಡಿನ ಲೆಕ್ಕದಲ್ಲಿ ಕಾರ್ಕ್ ಅಗ್ಗ, ಅದರ ಮೇಲೆ ರೆಡಿ ಫೈಬರ್, ಆಮೇಲೆ ಮಾಡಿಸಿದ ಪ್ಲೇಟ್, ಎಲ್ಲಕ್ಕಿಂತ ಮೇಲೆ ಬೇರೆ ಡ್ರಮ್. ವೈರ್‌ಕಟ್‌ನಲ್ಲಿ ಒಂದೇ ಸೆಟ್ ಮಾಡಿಸಿದ್ರೆ ಕೈ ಸುಡುತ್ತೆ, ಮೂರ್ನಾಲ್ಕು ಜನ ಸೇರಿ ಪ್ಲೇಟುಗಳನ್ನ ಒಂದರ ಮೇಲೊಂದು ಜೋಡಿಸಿ ಒಟ್ಟಿಗೆ ಕತ್ತರಿಸೋಕೆ ಕೊಟ್ರೆ ತಲೆಗೆ ಬೀಳೋ ಖರ್ಚು ಕಮ್ಮಿಯಾಗುತ್ತೆ, ನಾವು ಮಾಡಿದ್ದೂ ಹಾಗೇ. ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಮಾತ್ರ ಗಾಡಿ ತೆಗೆಯೋರು, ಊರೊಳಗೆ ಒಂದು ರೌಂಡು ಹಾಕಿ ನಿಲ್ಲಿಸೋರು, ನೀವು ಇಡೀ ತೊಗಟೆಯ ಒಳ್ಳೇ ಕಾರ್ಕ್ ಹುಡುಕಿ ಹಾಕ್ಕೊಳ್ಳಿ, ಬೇರೆ ಏನೂ ಬೇಡ. ನನ್ನ ಹಾಗೆ ವಾರಕ್ಕೊಂದ್ಸಲ ಮೈಸೂರು ಬೆಂಗಳೂರು ಮಧ್ಯೆ ಓಡಾಡ್ತಾ, ಕಾಲಲ್ಲೇ ಗೇರ್ ಹಾಕೋ ಸುಖಕ್ಕೆ ಒಗ್ಗಿರೋರು ಅಳತೆ ಕೊಟ್ಟು ಮಾಡಿಸಿ. ಆಕಾರ ಒಟ್ಟಿಗೆ ಕತ್ತರಿಸಿದ್ರೂ ದಪ್ಪದ ಅಳತೆ ಮಾತ್ರ ಇನ್ನೊಬ್ಬರದ್ದು ತಗೊಂಡು ಹಾಗೇ ಕೊಡಬೇಡಿ, ಅರವತ್ತು ವರ್ಷದಲ್ಲಿ ಒಂದೊಂದು ಗಾಡಿಯ ಹಬ್ಬೂ ಸ್ಪ್ರಿಂಗೂ ಒಂದೊಂದು ಥರ ಸವೆದಿರುತ್ತೆ, ನಿಮ್ಮ ಅಡುಕಿನ ಎತ್ತರ ನಿಮ್ಮ ಸ್ಪ್ರಿಂಗ್ ಕೆಳಗೇ ಅಳೀರಿ.