ರಾತ್ರಿ ಮೀನಖಂಡ ಹಿಡ್ಕೊಂಡು ತಲೆ ಸುತ್ತಿ ಬೀಳೋರಿಗೆ: ನಾನು ಮಾಡಿ ನೋಡಿದ್ರಲ್ಲಿ ಯಾವ್ದು ಆಗುತ್ತೆ, ಯಾವ್ದು ದಂಡ

ಕಾಲು ಹಿಡ್ಕೊಳ್ಳೋದಕ್ಕೆ ಮದ್ದು ಹೇಳೋರು ಬೀದಿಗೊಬ್ಬರು ಸಿಗ್ತಾರೆ. ತಲೆ ಸುತ್ತಿ ಬೀಳೋದಕ್ಕೂ ಸಿಗ್ತಾರೆ. ಆದ್ರೆ ಎರಡೂ ಒಟ್ಟಿಗೆ ಇರೋರಿಗೆ ಒಂದರ ಮದ್ದು ಇನ್ನೊಂದಕ್ಕೆ ಉಲ್ಟಾ ಹೊಡೆಯುತ್ತೆ ಅಂತ ಯಾರೂ ಹೇಳಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಾನು ಹಾಸನದ ಹತ್ರ ಸಣ್ಣ ತಿಂಡಿ ಹೋಟ್ಲು ನಡೆಸ್ತೀನಿ. ವಯಸ್ಸು 56, ಬಿಪಿ ಇದೆ, ಶುಗರ್ ಇಲ್ಲ. ಬೆಳಿಗ್ಗೆ ದೋಸೆ ಕಾವಲಿ ಮುಂದೆ ನಿಂತ್ರೆ ಮಧ್ಯಾಹ್ನದವರೆಗೆ ಕೂರೋ ಮಾತೇ ಇಲ್ಲ, ಬೆನ್ನೆಲ್ಲಾ ಬೆವರು. ರಾತ್ರಿ ಒಳ್ಳೆ ನಿದ್ದೆ ಹತ್ತಿರೋ ಹೊತ್ತಲ್ಲಿ ಬಲಗಾಲು ಮೀನಖಂಡ ಹಿಡ್ಕೊಳ್ಳುತ್ತೆ, ಕೈಯಿಟ್ರೆ ಒಳಗೆ ನಿಂಬೆಹಣ್ಣಿನಂಥ ಗಂಟು, ಪಾದ ನಮ್ಮ ಮಾತೇ ಕೇಳಲ್ಲ, ಬೆರಳು ಕೆಳಕ್ಕೆ ಬಾಗಿ ನಿಂತುಬಿಡುತ್ತೆ. ಆ ನೋವಿಗೆ ದಡಬಡ ಎದ್ದು ನಿಂತ್ರೆ ಕಿವಿ ಗುಂಯ್ ಅನ್ನುತ್ತೆ, ಬಾಯಿ ನೀರೂರುತ್ತೆ, ತಣ್ಣನೆ ಬೆವರು, ಆಮೇಲೇನಾಯ್ತು ಗೊತ್ತಿಲ್ಲ, ಕಣ್ಣು ಬಿಟ್ರೆ ನೆಲದ ಮೇಲಿರ್ತೀನಿ.

ಡಾಕ್ಟ್ರು ಹೇಳಿದ್ದು ಇಷ್ಟು. ಜೋರು ನೋವಾದಾಗ ಕೆಲವರಿಗೆ ವೇಗಸ್ ನರ (ಮೆದುಳಿಂದ ಹೃದಯಕ್ಕೆ ಹೋಗೋ ನರ) ಕೆಣಕಿದಂಗಾಗಿ ಹೃದಯದ ಬಡಿತ ಇಳಿಯುತ್ತೆ, ರಕ್ತನಾಳ ಸಡಿಲ ಆಗುತ್ತೆ, ಬಿಪಿ ದಪ್ಪಂತ ಬೀಳುತ್ತೆ. ಅದೇ ಕ್ಷಣಕ್ಕೆ ಮಲಗಿದ್ದೋರು ಎದ್ದು ನಿಂತ್ರೆ ರಕ್ತ ಕಾಲಿಗಿಳಿದು ತಲೆಗೆ ಸಾಲದೆ ಹೋಗುತ್ತೆ. ಅಂದ್ರೆ ಬೀಳಿಸೋದು ನೋವೊಂದೇ ಅಲ್ಲ, ನೋವಿನ ಜೊತೆ ನಾವು ಎದ್ದು ನಿಲ್ಲೋದೂ ಸೇರ್ಕೊಂಡು. ಇದು ತಿಳಿದ ಮೇಲೆ ನಾನು ಪ್ರತಿಯೊಂದು ಮದ್ದನ್ನೂ ಎರಡು ಪ್ರಶ್ನೆ ಹಾಕೇ ನೋಡಿದ್ದು: ಕಾಲು ಬಿಡುತ್ತಾ, ನನ್ನನ್ನ ಬೀಳಿಸದೆ ಬಿಡುತ್ತಾ.

ಮೊದಲು ಹಿಡ್ಕೊಂಡ ಕ್ಷಣದ ಮಾತು. ನಮ್ಮ ಕಡೆ ಎಲ್ರೂ ಹೇಳೋದು ಎದ್ದು ತಣ್ಣನೆ ನೆಲದ ಮೇಲೆ ಕಾಲೂರು ಅಂತ. ಸುಳ್ಳಲ್ಲ, ಬೇಗ ಬಿಡುತ್ತೆ, ಯಾಕಂದ್ರೆ ನಿಂತಾಗ ಮೈ ಭಾರಕ್ಕೆ ಹಿಮ್ಮಡಿ ಕೆಳಗೆ ಹೋಗಿ ಮೀನಖಂಡ ಎಳೆಯುತ್ತೆ, ನೆಲ ತಣ್ಣಗಿರೋದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ ಅಂತ ನನ್ನ ಅನಿಸಿಕೆ, ಮ್ಯಾಟ್ ಮೇಲೆ ನಿಂತ್ರೂ ಅಷ್ಟೇ ಬಿಡುತ್ತೆ. ಆದ್ರೆ ನನ್ನಂಥೋರಿಗೆ ಇದೇ ಅಪಾಯ. ಇದಕ್ಕೆ ಎದುರಾಳಿ ಟವೆಲ್. ತಲೆದಿಂಬಿನ ಪಕ್ಕ ಒಂದು ಉದ್ದನೆ ಟವೆಲ್ ಇಟ್ಕೊಳ್ಳೋದು (ತೆಳು ಪಂಚೆ ಆದ್ರೂ ನಡೆಯುತ್ತೆ), ಹಿಡ್ಕೊಂಡ ತಕ್ಷಣ ಮಲಗಿದ್ದಲ್ಲೇ ಮಗ್ಗುಲಾಗಿ ಮಂಡಿ ಮಡಚಿ ಪಾದದ ಹೆಬ್ಬೆರಳಿನ ಕೆಳಗಿನ ದಪ್ಪ ಭಾಗಕ್ಕೆ ಅದನ್ನ ಸಿಕ್ಕಿಸಿ, ಆಮೇಲೆ ಎರಡೂ ತುದಿ ಎದೆ ಕಡೆ ಎಳೀತಾ ನಿಧಾನಕ್ಕೆ ಮಂಡಿ ಚಾಚೋದು. ಜಗ್ಗಬಾರದು, ಒಂದೇ ಸಮ ಎಳೆದು ಹಿಡಿಯಬೇಕು. ನಿಲ್ಲೋದಕ್ಕಿಂತ ಸ್ವಲ್ಪ ನಿಧಾನ, ಒಂದೆರಡು ಸಲ ಹಲ್ಲು ಕಚ್ಕೊಂಡು ಕೂಗಿದ್ದೂ ಉಂಟು, ಆದ್ರೆ ಗಂಟು ಕೈಗೆ ಗೊತ್ತಾಗೋ ಹಂಗೆ ಕರಗುತ್ತೆ, ತಲೆ ಮಾತ್ರ ದಿಂಬಿನ ಮೇಲೇ ಇರುತ್ತೆ. ಟವೆಲ್ ಬಂದ ಮೇಲೆ ಕಾಲು ಹಿಡ್ಕೊಂಡು ನಾನು ಬಿದ್ದಿಲ್ಲ. ನನ್ನ ಲೆಕ್ಕದಲ್ಲಿ ಇದು ಗೆದ್ದಾಯ್ತು, ಬೇರೆ ಯಾವ್ದೂ ಹತ್ರಕ್ಕೂ ಬರಲ್ಲ.

ಬಿಸಿನೀರಿನ ಬ್ಯಾಗು, ಐಸು, ಎಣ್ಣೆ ಇವೆಲ್ಲಾ ಕಾಲು ಬಿಟ್ಟ ಮೇಲಿನ ಸಮಾಚಾರ. ಹಿಡ್ಕೊಂಡಾಗ ಬಿಸಿನೀರು ಕಾಯಿಸೋಕೆ ಅಡುಗೆಮನೆಗೆ ಹೋಗೋದಂದ್ರೆ ಮತ್ತೆ ಏಳಬೇಕಲ್ಲ. ಮಾರನೇ ದಿನ ಉಳಿಯೋ ನೋವಿಗೆ ನನಗೆ ಬಿಸಿ ಹಿತ, ಐಸು ಇಟ್ರೆ ಮತ್ತೆ ಎಳೆದಂಗಾಗುತ್ತೆ. ಎಳ್ಳೆಣ್ಣೆ ಬಿಸಿ ಮಾಡಿ ಕರ್ಪೂರ ಪುಡಿ ಹಾಕಿ ತಿಕ್ಕೋದು ನಮ್ಮತ್ತೆ ಕಾಲದ್ದು, ತಿಕ್ಕುವಾಗ ಸುಖವಾಗಿರುತ್ತೆ, ರಾತ್ರಿ ಹಿಡಿಯೋದನ್ನ ಅದು ತಡೆದಿದ್ದು ನಾನಂತೂ ಕಾಣೆ. ಹಾಸಿಗೆ ಕೆಳಗೆ ಸೋಪಿನ ಬಿಲ್ಲೆ ಇಡೋದೂ ಒಂದಿದೆ, ಅದನ್ನೂ ಇಟ್ಟೆ, ಹಾಸಿಗೆ ಘಮ್ ಅಂತಿತ್ತು ಅಷ್ಟೇ.

ವಿನೆಗರ್ ಕತೆ ಸ್ವಲ್ಪ ಬೇರೆ. 2010ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರಂತೆ, ಕಾಲ್ಬೆರಳಿನ ಸ್ನಾಯುವಿಗೆ ಕರೆಂಟ್ ಕೊಟ್ಟು ಬೇಕಂತಲೇ ಹಿಡಿಸಿ, ವಿನೆಗರಲ್ಲಿ ಸೌತೆಕಾಯಿ ನೆನೆಹಾಕಿದ ಉಪ್ಪಿನಕಾಯಿ ರಸ ಕುಡಿಸಿದ್ರೆ ನೀರು ಕುಡಿದಾಗಿಗಿಂತ ಬೇಗ ಬಿಡ್ತಂತೆ, ಅದೂ ಉಪ್ಪು ರಕ್ತ ಸೇರೋಕೆ ಮುಂಚೇನೇ. ಅಂದ್ರೆ ಗಂಟಲಿಗೆ ಹುಳಿ ತಾಗಿದ್ದೇ ನರಕ್ಕೆ ಏನೋ ಸೂಚನೆ ಕೊಡುತ್ತೆ ಅಂತ ಅವರ ಊಹೆ. ಮಗಳು ಫಿಸಿಯೋಥೆರಪಿ ಓದ್ತಿದ್ದಾಳೆ, ಇವೆಲ್ಲಾ ಅವಳು ಹುಡುಕಿ ಹೇಳಿದ್ದು. ನಮ್ಮ ಮಾವಿನಕಾಯಿ ಉಪ್ಪಿನಕಾಯಲ್ಲಿ ವಿನೆಗರ್ ಎಲ್ಲಿಂದ ಬರಬೇಕು, ಬರೀ ಉಪ್ಪು ಖಾರ ಎಣ್ಣೆ, ಹಾಗಾಗಿ ಹೋಟ್ಲಲ್ಲಿ ಗೋಬಿಗೆ ಅಂತ ತಂದಿಟ್ಟಿದ್ದ ವಿನೆಗರನ್ನೇ ನೀರಿಗೆ ಬೆರೆಸಿ ಬಾಟ್ಲಿಲಿ ಇಟ್ಕೊಂಡಿದ್ದೆ. ಒಂದೊಂದು ಸಲ ಬಿಟ್ಟಂಗಾಯ್ತು, ಒಂದೊಂದು ಸಲ ಇಲ್ಲ, ಎದೆಯುರಿ ಮಾತ್ರ ಪ್ರತಿ ಸಲ ಬಂತು. ಟವೆಲ್ ಇರುವಾಗ ಈ ಶಿಕ್ಷೆ ಯಾಕೆ ಅಂತ ಬಿಟ್ಟೆ.

ಇನ್ನು ಹಿಡಿಯದೇ ಇರೋ ಹಂಗೆ ಮಾಡೋದು. ಇಲ್ಲಿ ಪೈಪೋಟಿ ಮಾತ್ರೆಗೂ ವ್ಯಾಯಾಮಕ್ಕೂ. ಮೆಗ್ನೀಸಿಯಂ ಮಾತ್ರೆ ಈಗ ಎಲ್ಲಾ ಕಡೆ ಓಡ್ತಿದೆ, ಆನ್‌ಲೈನ್‌ನಲ್ಲಿ ಡಬ್ಬಿ ಡಬ್ಬಿ ತರಿಸ್ಕೊಳ್ತಾರೆ. ನಾನೂ ಎರಡು ಡಬ್ಬಿ ಮುಗಿಸಿದೆ. ಕಾಲಿಗೆ ಏನೂ ಆಗ್ಲಿಲ್ಲ, ಹೊಟ್ಟೆ ಮಾತ್ರ ಸಡಿಲ ಆಯ್ತು, ಹೊಟ್ಟೆ ಸಡಿಲ ಆದ್ರೆ ಮೈಲಿರೋ ನೀರು ಹೋಗಿ ತಲೆ ಸುತ್ತು ಇನ್ನೂ ಜಾಸ್ತಿ. ಬೇರೆ ಬೇರೆ ಅಧ್ಯಯನ ಒಟ್ಟಿಗೆ ಇಟ್ಟು ನೋಡೋ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಲೂ ವಯಸ್ಸಾದವರ ಕಾಲು ಸೆಳೆತಕ್ಕೆ ಮೆಗ್ನೀಸಿಯಂ ಹೇಳ್ಕೊಳ್ಳೋ ಅಂಥ ಉಪಯೋಗ ಮಾಡೋದು ಅನುಮಾನ ಅಂತಲೇ ಬಂದಿದೆ. ಬಸುರಿಯರ ವಿಷಯ ಬೇರೆ, ಅಲ್ಲಿ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ ಇದೆ, ಅವರು ಅವರ ಡಾಕ್ಟ್ರನ್ನೇ ಕೇಳ್ಬೇಕು.

ಮೆಡಿಕಲ್ ಸ್ಟೋರ್ ಒಂದರಲ್ಲಿ ಕ್ವಿನೈನ್ ಮಾತೂ ಬಂತು, ಹಳೇ ಕಾಲದ ಮದ್ದಂತೆ, ಮಲೇರಿಯಾದ್ದು. ಇದನ್ನ ನಾನು ತಗೊಂಡಿಲ್ಲ, ತಗೊಳ್ಳೋದೂ ಇಲ್ಲ. ಅಮೆರಿಕದ ಎಫ್‌ಡಿಎ (ಔಷಧಿ ನಿಯಂತ್ರಣ ಸಂಸ್ಥೆ) 2006ರಲ್ಲೇ ಕಾಲು ಸೆಳೆತಕ್ಕೆ ಇದನ್ನ ಬಳಸಬೇಡಿ ಅಂತ ಎಚ್ಚರಿಕೆ ಕೊಟ್ಟಿದೆ, ಪ್ಲೇಟ್‌ಲೆಟ್ ಬೀಳುತ್ತೆ, ಹೃದಯದ ಬಡಿತದ ಲಯ ತಪ್ಪುತ್ತೆ ಅನ್ನೋ ಕಾರಣಕ್ಕೆ. ಮೊದ್ಲೇ ಎಚ್ಚರ ತಪ್ಪಿ ಬೀಳೋರು ಬಡಿತ ತಪ್ಪಿಸೋ ಮಾತ್ರೆ ನುಂಗೋದು ಬೇಕಾ ಹೇಳಿ.

ವ್ಯಾಯಾಮ ಅಂದ್ರೆ ಮಲಗೋ ಮುಂಚೆ ಮೀನಖಂಡ ಮತ್ತೆ ತೊಡೆ ಹಿಂಭಾಗ ಎಳೆಯೋದು, ಅಷ್ಟೇ. ನೆದರ್ಲೆಂಡ್ಸ್‌ನಲ್ಲಿ 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ 55 ದಾಟಿದ 80 ಜನರಲ್ಲಿ ಅರ್ಧ ಜನಕ್ಕೆ 6 ವಾರ ದಿನಾ ರಾತ್ರಿ ಇದನ್ನೇ ಮಾಡಿಸಿದ್ರು, ಮಾಡಿದವರಿಗೆ ಸೆಳೆತ ಬರೋದೂ ಕಮ್ಮಿ ಆಯ್ತು, ನೋವಿನ ಜೋರೂ ಇಳೀತು. ಗೋಡೆಗೆ ಎರಡೂ ಕೈ ಕೊಟ್ಟು ಒಂದು ಕಾಲು ಹಿಂದಿಟ್ಟು ಹಿಮ್ಮಡಿ ನೆಲಕ್ಕೆ ಅಂಟಿಸಿ ಮುಂದಕ್ಕೆ ವಾಲೋದು, ನಿಧಾನಕ್ಕೆ ಹತ್ತು ಎಣಿಸಿ ಬಿಡೋದು, ಎರಡೂ ಕಾಲಿಗೆ ಮೂರ್ಮೂರು ಸಲ. ಮಗಳು ನನಗೆ ಮಂಚದ ಮೇಲೆ ಕೂತು ಅದೇ ಟವೆಲ್‌ನಲ್ಲಿ ಮಾಡೋದನ್ನೂ ಹೇಳ್ಕೊಟ್ಟಳು, ಸುಸ್ತಾದ ದಿನ ಅದು. ಮೊದಲ ವಾರ ಏನೂ ಗೊತ್ತಾಗಲ್ಲ, ಇದೇನು ಗೋಡೆ ತಳ್ಳೋ ಕೆಲಸ ಅಂತ ಬೇಜಾರೂ ಬರುತ್ತೆ. ಆಮೇಲಾಮೇಲೆ ರಾತ್ರಿ ಪೂರ್ತಿ ನಿದ್ದೆ ಮಾಡಿದ ಬೆಳಗುಗಳು ಜಾಸ್ತಿ ಆದ್ವು. ಹೋಟ್ಲಲ್ಲಿ ರಶ್ ಆಗಿ ಬಂದು ಹಂಗೇ ಬಿದ್ಕೊಂಡ ರಾತ್ರಿನೇ ಹಿಡಿಯೋದು ಈಗ್ಲೂ. ಜೊತೆಗೊಂದು ಚಿಕ್ಕ ವಿಷಯ, ದಪ್ಪ ರಗ್ಗನ್ನ ಕಾಲ ಕಡೆ ಹಾಸಿಗೆ ಕೆಳಗೆ ಸಿಕ್ಕಿಸ್ಬೇಡಿ, ಅದರ ಭಾರಕ್ಕೆ ಪಾದ ಕೆಳಕ್ಕೆ ಬಾಗಿ ಮೀನಖಂಡ ರಾತ್ರಿಯೆಲ್ಲಾ ಕುಗ್ಗಿಕೊಂಡೇ ಇರುತ್ತೆ, ಸಡಿಲ ಬಿಡಿ.

ಕುಡಿಯೋದರಲ್ಲಿ ಎಳನೀರು, ಓಆರ್‌ಎಸ್, ನೀರು ಮಜ್ಜಿಗೆ ಮೂರೂ ನೋಡಿದೀನಿ. ಎಳನೀರಲ್ಲಿ ಪೊಟ್ಯಾಶಿಯಂ ಚೆನ್ನಾಗಿದೆ, ಸೋಡಿಯಂ ಕಮ್ಮಿ, ಬೆವರಲ್ಲಿ ಹೋಗೋದು ಮುಖ್ಯವಾಗಿ ಸೋಡಿಯಂ. ಮೇಲಾಗಿ ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ತಾನೇ ಪೊಟ್ಯಾಶಿಯಂ ಏರಿಸುತ್ತೆ, ಕಿಡ್ನಿ ತೊಂದರೆ ಇದ್ರಂತೂ ದಿನಾ ಎರಡು ಮೂರು ಎಳನೀರು ಅಪಾಯ. ಓಆರ್‌ಎಸ್ ಬೆವರಿಗೆ ಸರಿಯಾದ ಜೋಡಿ, ಆದ್ರೆ ಒಂದು ಲೀಟರ್ ಪಾಕೆಟ್‌ನಲ್ಲಿ 2.6 ಗ್ರಾಂ ಉಪ್ಪು ಇರುತ್ತೆ, ಬಿಪಿ ಇರೋರು ದಿನಾ ಕುಡಿಯೋ ಜ್ಯೂಸ್ ಅಲ್ಲ ಅದು. ಅಂದಹಾಗೆ ಟೆಟ್ರಾ ಪ್ಯಾಕ್‌ನಲ್ಲಿ ಓಆರ್‌ಎಸ್ ಅಂತ ಹೆಸರು ಹಾಕ್ಕೊಂಡು ಮಾರ್ತಿದ್ದ ಸಿಹಿ ಪಾನೀಯ ಬೇರೆ, ಅಂಥದ್ದಕ್ಕೆ ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತೆ ಸಂಸ್ಥೆ) ಆದೇಶ ಮಾಡಿದೆ. ನನಗೆ ಒಗ್ಗಿದ್ದು ನೀರು ಮಜ್ಜಿಗೆ, ತಿಂಡಿ ರಶ್ ಇಳಿದ ಮೇಲೆ ಒಂದು ಚೊಂಬು, ಡಾಕ್ಟ್ರು ಒಪ್ಪಿದಷ್ಟೇ ಉಪ್ಪು. ವಿಪರೀತ ಸೆಕೆ ದಿನ ಮಾತ್ರ ಓಆರ್‌ಎಸ್.

ಏನು ಕುಡೀತೀರಿ ಅನ್ನೋದಕ್ಕಿಂತ ಯಾವಾಗ ಅನ್ನೋದು ದೊಡ್ಡದು. ನೀರು ಕಮ್ಮಿ ಆಗಿದ್ದಕ್ಕೇ ಕಾಲು ಹಿಡಿಯೋದು ಅಂತ ಯಾರೋ ಹೇಳಿದ್ರು ಅಂತ ಮಲಗೋ ಮುಂಚೆ ದೊಡ್ಡ ಲೋಟದಲ್ಲಿ ನೀರು ಕುಡಿಯೋದು ಅಭ್ಯಾಸ ಆಗಿತ್ತು, ಅದಕ್ಕೇ ರಾತ್ರಿ ಎರಡು ಸಲ ಬಚ್ಚಲಿಗೆ ಏಳೋದು, ಕತ್ತಲೇಲಿ ಎದ್ದ ತಕ್ಷಣ ತೂರಾಡೋದು. ಈಗ ನೀರೆಲ್ಲಾ ಸಂಜೆ ಒಳಗೆ ಮುಗಿಸ್ತೀನಿ, ಏಳಲೇಬೇಕಾದ್ರೆ ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು, ಪಾದ ಆಡಿಸಿ, ಆಮೇಲೆ.

ತಲೆ ಸುತ್ತು ತಡೆಯೋಕೆ ಕಾಲಿಗೆ ಬಿಗಿ ಸಾಕ್ಸ್ ಒಂದು ಆಯ್ಕೆ, ಕಾಲು ಕತ್ತರಿ ಹಾಕಿ ಮೈ ಬಿಗಿ ಮಾಡೋದು ಇನ್ನೊಂದು. ಸಾಕ್ಸ್ ನಿಂತು ಕೆಲಸ ಮಾಡೋರಿಗೆ ಒಳ್ಳೇದೇ, ಆದ್ರೆ ಒಲೆ ಮುಂದೆ ಏಪ್ರಿಲ್ ತಿಂಗಳಲ್ಲಿ ಹಾಕ್ಕೊಂಡು ನೋಡಿ ಗೊತ್ತಾಗುತ್ತೆ. ಕಣ್ಣು ಮಂಜಾಗೋಕೆ ಶುರುವಾದಾಗ ಕಾಲು ಕತ್ತರಿ ಹಾಕಿ ತೊಡೆ, ಕುಂಡಿ ಬಿಗಿ ಹಿಡಿಯೋದು, ಇಲ್ಲ ಎರಡೂ ಕೈ ಕೊಕ್ಕೆ ಹಾಕಿ ಎಳೆದು ಹಿಡಿಯೋದು, ಇದರಿಂದ ಎಚ್ಚರ ತಪ್ಪೋದು ಕಮ್ಮಿ ಆಗುತ್ತೆ ಅಂತ 2006ರ ಒಂದು ಪ್ರಯೋಗದಲ್ಲೂ ಬಂದಿದೆ, ದುಡ್ಡೂ ಬೇಡ. ನನ್ನ ಥರದವರಿಗೆ ಒಂದೇ ತಕರಾರು, ರಾತ್ರಿ ಕಾಲು ಬಿಗಿ ಮಾಡಿದ್ರೆ ಅದೇ ಮೀನಖಂಡ ಮತ್ತೆ ಹಿಡ್ಕೊಳ್ಳುತ್ತೆ! ಹಾಗಾಗಿ ಹೋಟ್ಲಲ್ಲಿ ಕಾಲು, ಹಾಸಿಗೇಲಿ ಕೈ.

ಬಿದ್ದೇಬಿಟ್ರೆ ಮನೆಯವರು ಏನು ಮಾಡ್ತಾರೆ ಅನ್ನೋದ್ರಲ್ಲೂ ಎರಡು ದಾರಿ. ನಮ್ಮನೆಯವ್ರು ಮೊದಲು ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಿ, ಮೂಗಿಗೆ ಈರುಳ್ಳಿ, ಬಾಯಿಗೆ ನೀರು, ಕೈಗೆ ಬೀಗದಕೈ ಎಲ್ಲಾ ಕೊಡೋರು. ಮಗಳು ಒಂದಿನ ನೋಡಿ "ಅಪ್ಪಾ ಎತ್ಬೇಡ, ಮಲಗ್ಸು, ಕಾಲೆತ್ತಿ ಹಿಡ್ಕೊ" ಅಂತ ಕೂಗಾಡಿದಳು. ಅಂಗಾತ ಮಲಗಿಸಿ ಕಾಲ ಕೆಳಗೆ ಎರಡು ದಿಂಬು ಇಟ್ರೆ ಬೇಗ ಎಚ್ಚರ ಬರುತ್ತೆ, ಎಚ್ಚರ ಬರೋವರೆಗೆ ಬಾಯಿಗೆ ಏನೂ ಹಾಕಬಾರದು, ಎತ್ತಿ ಕೂರಿಸಿದ್ರೆ ತಲೆಗೆ ರಕ್ತ ಹೋಗೋದೇ ಇನ್ನೂ ತಡ.

ಇಷ್ಟೆಲ್ಲಾ ಹೇಳಿದ್ರೂ ಎಲ್ಲಕ್ಕಿಂತ ಜಾಸ್ತಿ ವ್ಯತ್ಯಾಸ ಮಾಡಿದ್ದು ನಾನು ಮಾಡಿದ್ದಲ್ಲ, ಡಾಕ್ಟ್ರು ಮಾತ್ರೆ ಚೀಟಿ ನೋಡಿದ್ದು. ನನ್ನ ಬಿಪಿ ಮಾತ್ರೇಲಿ ನೀರು ಮಾತ್ರೆನೂ ಸೇರಿತ್ತು, ಹೈಡ್ರೋಕ್ಲೋರೋಥಯಝೈಡ್ ಅಂತ. ಅದು ಉಪ್ಪು ನೀರು ಎರಡನ್ನೂ ಮೂತ್ರದಲ್ಲಿ ಹೊರಗೆ ಹಾಕುತ್ತೆ, ಅದರ ಮೇಲೆ ನಾನು ಒಲೆ ಮುಂದೆ ಬೆವರು ಸುರಿಸ್ತಿದ್ದೆ. ರಕ್ತ ಪರೀಕ್ಷೇಲಿ ಸೋಡಿಯಂ 129 ಬಂತು, 135 ಮೇಲಿರಬೇಕು. ಮಲಗಿಸಿ ಬಿಪಿ ನೋಡಿ, ಎದ್ದು ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಿದ್ರು, ಮೇಲಿನ ಸಂಖ್ಯೆ 138 ಇದ್ದದ್ದು 112ಕ್ಕೆ ಇಳೀತು, 20 ಇಳಿದ್ರೇ ಲೆಕ್ಕಕ್ಕೆ ಬರುತ್ತಂತೆ. ಆ ಭಾಗ ತೆಗೆದು ಬರೀ ಟೆಲ್ಮಿಸಾರ್ಟನ್ ಕೊಟ್ಟ ಮೇಲೆ ಸೆಳೆತನೂ ಇಳೀತು, ಎದ್ದಾಗ ತೂರಾಡೋದೂ ನಿಂತಂಗೇ. ನೀವಾಗಿ ನೀವೇ ಬಿಪಿ ಮಾತ್ರೆ ನಿಲ್ಲಿಸ್ಬೇಡಿ ಮತ್ತೆ, ಚೀಟಿ ಹಿಡ್ಕೊಂಡು ಹೋಗಿ ಕೇಳಿ. ಕೊಲೆಸ್ಟರಾಲ್ ಮಾತ್ರೆ ತಗೊಳ್ಳೋರು, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತಗೊಳ್ಳೋ ಗಂಡಸರು ಅದನ್ನೂ ಹೇಳಿ, ಮೊದಲನೇದು ಸ್ನಾಯು ನೋವಿಗೆ, ಎರಡನೇದು ಎದ್ದಾಗ ಬಿಪಿ ಬೀಳೋದಕ್ಕೆ ಕಾರಣ ಆಗಬಹುದು. ಥೈರಾಯ್ಡ್, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಕೂಡ ಒಂದ್ಸಲ ನೋಡಿಸಿ. ನೋವೇ ಇಲ್ದೆ ಸುಮ್ನೆ ಎಚ್ಚರ ತಪ್ಪಿದ್ರೆ, ಎದೆ ಢವಢವ ಅಂದು ಬಿದ್ರೆ, ಮಲಗಿದ್ದಾಗಲೇ ತಪ್ಪಿದ್ರೆ ಇಸಿಜಿ ಮಾಡಿಸದೆ ಮನೇಲಿ ಕೂರಬೇಡಿ. ಒಂದೇ ಕಾಲು ಊದಿ ಕೆಂಪಗೆ ಬಿಸಿಯಾಗಿದ್ರೆ ಅದು ಸೆಳೆತ ಅಲ್ಲ ಇರಬಹುದು, ರಕ್ತ ಹೆಪ್ಪುಗಟ್ಟಿದ್ರೂ ಹಂಗಾಗುತ್ತೆ, ಅದನ್ನ ತಿಕ್ಕಬೇಡಿ, ಅವತ್ತೇ ತೋರಿಸಿ.

ಹೊಸದಾಗಿ ಬಂದಿರೋದು ವಿಟಮಿನ್ ಕೆ2. 2024ರಲ್ಲಿ ಚೀನಾದಿಂದ ಒಂದು ಅಧ್ಯಯನ ಬಂತು, 65 ದಾಟಿದವ್ರಿಗೆ 8 ವಾರ ಕೊಟ್ರೆ ರಾತ್ರಿ ಸೆಳೆತ ಚೆನ್ನಾಗೇ ಇಳೀತು ಅಂತ. ರಕ್ತ ತೆಳು ಮಾಡೋಕೆ ವಾರ್ಫರಿನ್, ಅಸಿಟ್ರೋಮ್ ತಗೊಳ್ಳೋರು ಇದನ್ನ ತಾವಾಗಿ ಶುರು ಮಾಡೋ ಹಂಗೇ ಇಲ್ಲ, ಆ ಮಾತ್ರೆ ಕೆಲಸನೇ ಕೆಡುತ್ತೆ. ಮಗಳಿಗೆ ಇದರ ಮೇಲೆ ಆಸೆ ಇದೆ, ಡಾಕ್ಟ್ರು ಇನ್ನೂ ಒಂದೆರಡು ಅಧ್ಯಯನ ಬರಲಿ ನೋಡೋಣ ಅಂದಿದ್ದಾರೆ. ನನಗಂತೂ ಸದ್ಯಕ್ಕೆ ಟವೆಲ್ಲೇ ಸಾಕು, ಒಗೆದು ಒಣಗಿಸೋ ದಿನ ಇನ್ನೊಂದು ಇಟ್ಕೊಳ್ಳೋದನ್ನ ಮರೀಬಾರದು ಅಷ್ಟೇ.