ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಆರ್ಡುಯಿನೊ ರೋಬೋ ಕಿಟ್: ಮೂರು ವರ್ಷ ಬಳಸಿದ ಮೇಲೆ

ಶಿಡ್ಲಘಟ್ಟದ ನಮ್ಮ ಹೈಸ್ಕೂಲಿನಲ್ಲಿ ಆರು ಮಕ್ಕಳ ಒಂದು ರೋಬೋ ತಂಡ ಇದೆ. ಕಪ್ಪು ಗೆರೆ ಹಿಡಿದು ತಾನೇ ಓಡುವ ರೋಬೋ, ಅಂದರೆ ಲೈನ್ ಫಾಲೋವರ್, ನಮ್ಮ ಸ್ಪರ್ಧೆ. 2022ರ ಕೊನೆಯಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ 14,500 ರೂಪಾಯಿಗೆ ಒಂದು ಹಳೆಯ ಲ್ಯಾಪ್‌ಟಾಪ್ ತಂದೆವು. ಜೊತೆಗೆ ಆರ್ಡುಯಿನೊ ಊನೊ ಮಾದರಿಯ ಬೋರ್ಡ್ (ನಾವು ಬರೆದ ಕೋಡ್‌ನಂತೆ ರೋಬೋವನ್ನು ನಡೆಸುವ ಪುಟ್ಟ ಕಂಪ್ಯೂಟರ್) ಇರುವ ಒಂದು ಕಿಟ್. ಐದು ಸ್ಪರ್ಧೆ ಮುಗಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್‌ಗೆ ಕೊಟ್ಟ ದುಡ್ಡು ಸಾರ್ಥಕ. ಕಿಟ್‌ನಲ್ಲಿ ಬೋರ್ಡ್, ಮೋಟಾರ್ ಬಿಟ್ಟು ಮಿಕ್ಕಿದ್ದನ್ನೆಲ್ಲ ಬದಲಾಯಿಸಬೇಕಾಯಿತು. ನೀವು ಈಗ ಶುರು ಮಾಡುವವರಾದರೆ ಮೊದಲು ಒಳ್ಳೆಯ ಬ್ಯಾಟರಿಗೆ ದುಡ್ಡು ತೆಗೆದಿಡಿ, ಆಮೇಲೆ ಉಳಿದದ್ದು.

ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್, ಒಂದು ಎಸ್ಎಸ್‌ಡಿ. ವಿಂಡೋಸ್ ಬದಲು ಲಿನಕ್ಸ್ ಹಾಕಿದೆವು. ಮೊದಲ ದಿನ ಬೋರ್ಡ್ ಚುಚ್ಚಿದರೆ ಅದಕ್ಕೆ ಕೋಡ್ ಕಳಿಸುವ ಪೋರ್ಟೇ ಕಾಣಲಿಲ್ಲ. ಬೋರ್ಡ್ ಹಾಳಾಗಿದೆ ಅಂತ ವಾಪಸ್ ಕಳಿಸುವುದರಲ್ಲಿದ್ದೆ. ಕಾರಣ ಬೇರೆ ಇತ್ತು. ಕಡಿಮೆ ಬೆಲೆಯ ಬೋರ್ಡ್‌ಗಳಲ್ಲಿ ಯುಎಸ್‌ಬಿಗೆ ಸಿಎಚ್340 ಎಂಬ ಚಿಪ್ ಇರುತ್ತದೆ. ಲಿನಕ್ಸ್‌ನಲ್ಲಿ ಕಣ್ಣು ಕಾಣದವರ ಬ್ರೈಲ್ ಯಂತ್ರಕ್ಕಾಗಿ ಬಿಆರ್‌ಎಲ್‌ಟಿಟಿವೈ ಅನ್ನುವ ಸಾಫ್ಟ್‌ವೇರ್ ಇರುತ್ತದೆ, ಅದು ಈ ಚಿಪ್ಪನ್ನು ಬ್ರೈಲ್ ಯಂತ್ರ ಅಂದುಕೊಂಡು ಪೋರ್ಟ್ ಹಿಡಿದುಕೊಂಡಿತ್ತು. ಅದನ್ನು ತೆಗೆದು, ಯೂಸರ್ ಅನ್ನು ಡಯಲ್‌ಔಟ್ ಗುಂಪಿಗೆ (ಪೋರ್ಟ್ ಬಳಸಲು ಅನುಮತಿ ಇರುವವರ ಪಟ್ಟಿ) ಸೇರಿಸಿದ ಮೇಲೆ ಇವತ್ತಿನವರೆಗೆ ತೊಂದರೆ ಇಲ್ಲ.

ಎರಡನೇ ಸ್ಪರ್ಧೆಯಲ್ಲಿ ಒಂದು ಪಾಠ ಆಯಿತು. ಹಿಂದಿನ ರಾತ್ರಿ ಒಬ್ಬ ಹುಡುಗ ಆಸೆಯಿಂದ ಕೋಡ್ ಬರೆದು ಬೋರ್ಡ್‌ಗೆ ಕಳಿಸುವ ಸಾಫ್ಟ್‌ವೇರ್ ಆದ ಆರ್ಡುಯಿನೊ ಐಡಿಇಯ ಹೊಸ 2ನೇ ಆವೃತ್ತಿ ಹಾಕಿದ್ದ. ಅದು ಮೊದಲ ಸಲ ತೆರೆದಾಗ ಬೋರ್ಡ್‌ನ ಫೈಲ್‌ಗಳನ್ನು ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಮನೆಯಲ್ಲೇ ಒಮ್ಮೆ ತೆರೆದು ನೋಡಿದ್ದರೆ ಸಾಕಿತ್ತು, ನಾವು ನೋಡಿರಲಿಲ್ಲ. ಸ್ಪರ್ಧೆಯ ಹಾಲ್‌ನಲ್ಲಿ ಮೊಬೈಲ್ ಸಿಗ್ನಲ್ ಕೂಡ ಇರಲಿಲ್ಲ. ಪುಣ್ಯಕ್ಕೆ ಹಳೆಯ 1.8.19 ಆವೃತ್ತಿ ಅದೇ ಲ್ಯಾಪ್‌ಟಾಪ್‌ನಲ್ಲಿ ಇತ್ತು. ಊನೊಗೆ ಬೇಕಾದದ್ದೆಲ್ಲ ಅದರೊಳಗೇ ಇರುತ್ತದೆ, ಹಳೆಯ ಯಂತ್ರದಲ್ಲಿ ಹಗುರವಾಗಿ ಓಡುತ್ತದೆ. ಈಗ ಸ್ಪರ್ಧೆಗೆ ಒಂದು ವಾರ ಇರುವಾಗ ಏನನ್ನೂ ಹೊಸದಾಗಿ ಹಾಕುವುದಿಲ್ಲ. ವೈಫೈ ಆಫ್ ಮಾಡಿ, ಕೋಡ್ ಪೂರ್ತಿ ಅಪ್‌ಲೋಡ್ ಆಗುತ್ತದಾ ಅಂತ ನೋಡಿಯೇ ಬ್ಯಾಗಿಗೆ ಹಾಕುತ್ತೇವೆ. ಕೋಡ್‌ನ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ.

ಇನ್ನು ಬ್ಯಾಟರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಒಂದು ವರ್ಷ ನಮ್ಮನ್ನು ಸತಾಯಿಸಿದ್ದು ಇದೇ. ಕಿಟ್ ಜೊತೆ ಎರಡು 18650 ಸೆಲ್ (ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್) ಬಂದಿದ್ದವು. ಮೇಲೆ 9900 ಎಂಎಎಚ್ ಅಂತ, ಅಂದರೆ ಎಷ್ಟು ಚಾರ್ಜ್ ಹಿಡಿಸುತ್ತದೆ ಅನ್ನುವ ಲೆಕ್ಕ, ಮುದ್ರಿಸಿತ್ತು. ಬೆಳಿಗ್ಗೆ ರೋಬೋ ಚೆನ್ನಾಗಿ ಓಡುತ್ತಿತ್ತು, ಮೂರನೇ ಓಟಕ್ಕೆ ತಿರುವಿನಲ್ಲಿ ಗೆರೆ ಬಿಡುತ್ತಿತ್ತು. ಮಕ್ಕಳು ಪಿಐಡಿ (ಗೆರೆಯಿಂದ ಎಷ್ಟು ಸರಿದರೆ ಎಷ್ಟು ತಿರುಗಬೇಕು ಎಂದು ಹೇಳುವ ಲೆಕ್ಕ) ನಂಬರ್‌ಗಳನ್ನು ತಿದ್ದುತ್ತಾ ಕೂತರು. ಮಾರನೆ ದಿನ ಚಾರ್ಜ್ ಮಾಡಿ ತಂದರೆ ಆ ತಿದ್ದಿದ ನಂಬರ್‌ಗಳೇ ತಪ್ಪಾಗಿ ರೋಬೋ ಅಡ್ಡಾದಿಡ್ಡಿ ಕುಣಿಯುತ್ತಿತ್ತು. ಕೊನೆಗೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪ್ರತಿ ಓಟದ ಮುಂಚೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಬರೆದಿಟ್ಟಳು. 8.4 ವೋಲ್ಟ್‌ನಿಂದ 6.6ಕ್ಕೆ ಇಳಿದಿತ್ತು! ಕೋಡ್ ಸರಿಯಾಗಿಯೇ ಇತ್ತು, ಮೋಟಾರ್‌ಗೆ ಕರೆಂಟೇ ಸಾಲುತ್ತಿರಲಿಲ್ಲ.

ಸೆಲ್‌ಗಳನ್ನು ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು. ಒಂದೊಂದು 29 ಗ್ರಾಂ. ಒಳ್ಳೆಯ 18650 ಸೆಲ್ ಸುಮಾರು 45 ಗ್ರಾಂ ತೂಗುತ್ತದೆ, ಅದರಲ್ಲಿ ಹಿಡಿಸುವುದು ಹೆಚ್ಚೆಂದರೆ 3500 ಎಂಎಎಚ್ ಆಸುಪಾಸು. 9900 ಅಂತ ಬರೆದಿದ್ದರೆ ಆ ಸೆಲ್ ತೆಗೆದುಕೊಳ್ಳಲೇಬೇಡಿ. ಹೊಸ ಸೆಲ್ ನಾಲ್ಕು ತಂದು, ಜೋಡಿ ಮಾಡಿ, ಮೇಲೆ ನಂಬರ್ ಬರೆದೆವು. ಒಂದು ಜೋಡಿ ಓಡುವಾಗ ಇನ್ನೊಂದು ಚಾರ್ಜ್‌ಗೆ. ಪಿಐಡಿ ಹೊಂದಿಸಿದಾಗ ವೋಲ್ಟೇಜ್ ಎಷ್ಟಿತ್ತು ಅನ್ನುವುದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ.

ಆಮೇಲೆ ಕಿಟ್‌ನ ಎಲ್298ಎನ್ ಮೋಟಾರ್ ಡ್ರೈವರ್ (ಬೋರ್ಡ್ ಹೇಳಿದಂತೆ ಬ್ಯಾಟರಿಯ ಕರೆಂಟನ್ನು ಮೋಟಾರ್‌ಗೆ ಕೊಡುವ ಭಾಗ) ತೆಗೆದು ಟಿಬಿ6612 ಹಾಕಿದೆವು. ಎಲ್298ಎನ್ ತಾನೇ ಸುಮಾರು 2 ವೋಲ್ಟ್ ತಿಂದು ಬಿಸಿಯಾಗುತ್ತದೆ. ದೊಡ್ಡ ಬ್ಯಾಟರಿಯ ರೋಬೋಗೆ ಪರವಾಗಿಲ್ಲ, ಎರಡು ಸೆಲ್‌ನ ರೋಬೋಗೆ ಆ 2 ವೋಲ್ಟ್ ದೊಡ್ಡ ನಷ್ಟ. ಟಿಬಿ6612ರಲ್ಲಿ ಈ ನಷ್ಟ ತೀರಾ ಕಡಿಮೆ. ಹಾಕಿದ ದಿನ ರೋಬೋ ಓಡಿದ ವೇಗ ನೋಡಿ ಮಕ್ಕಳು ಕಿರುಚಿದ್ದು ಪಕ್ಕದ ಕ್ಲಾಸಿಗೆ ಕೇಳಿಸಿತು. ನಮ್ಮ ಎನ್20 ಮೋಟಾರ್ 6 ವೋಲ್ಟಿನದು, ಅದಕ್ಕೇ ಕೋಡ್‌ನಲ್ಲಿ ಹೆಚ್ಚಿನ ವೇಗವನ್ನು ಪೂರ್ತಿ ವೇಗವಾದ 255ರ ಬದಲು 180ಕ್ಕೆ ನಿಲ್ಲಿಸಿದ್ದೇವೆ. ಬೆಸುಗೆ ಹಾಕುವುದನ್ನು ಮಕ್ಕಳಿಗೆ ಕಲಿಸಿದವರು ರೇಷ್ಮೆ ರೀಲಿಂಗ್ ಯೂನಿಟ್‌ಗಳ ಮೋಟಾರ್ ರಿಪೇರಿ ಮಾಡುವ ಒಬ್ಬ ತಂದೆ. ಅವರು ಹಾಕಿಸಿದ ಒಂದು ಜಾಯಿಂಟೂ ಇದುವರೆಗೆ ಬಿಟ್ಟಿಲ್ಲ.

ಗೆರೆ ಗುರುತಿಸುವ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ) ಸೆನ್ಸರ್ ವಿಷಯ ಒಂದೇ ಮಾತು. ಐಆರ್ ಸೆನ್ಸರ್‌ಗೆ ಕಿಟಕಿಯ ಬಿಸಿಲು ಆಗುವುದಿಲ್ಲ, ಬಿಸಿಲಲ್ಲೂ ಅದೇ ಐಆರ್ ಇರುತ್ತದಲ್ವಾ? ಶಾಲೆಯಲ್ಲಿ ಡ್ರಾಯಿಂಗ್ ಶೀಟ್ ಮೇಲೆ ಕಪ್ಪು ಟೇಪ್ ಅಂಟಿಸಿ ಅಭ್ಯಾಸ ಮಾಡಿದ್ದೆವು, ಸ್ಪರ್ಧೆಗೆ ಹೋದರೆ ಹೊಳೆಯುವ ಫ್ಲೆಕ್ಸ್. ಈಗ ಸೆನ್ಸರ್ ಸುತ್ತ ಕಪ್ಪು ಚಾರ್ಟ್ ಪೇಪರಿನ ಲಂಗ ಕಟ್ಟಿದ್ದೇವೆ. ಒಂದು ಬಟನ್ ಒತ್ತಿದರೆ ರೋಬೋ 5 ಸೆಕೆಂಡ್ ಗೆರೆಯ ಮೇಲೆ ಆಚೀಚೆ ಆಡಿ ಆ ಜಾಗದ ಕಪ್ಪು ಬಿಳಿ ತಾನೇ ಅಳೆದುಕೊಳ್ಳುತ್ತದೆ.

ಲ್ಯಾಪ್‌ಟಾಪ್‌ನ ಒಂದು ಕಡೆಯ ಹಿಂಜ್ ಸಡಿಲವಾಗಿದೆ. ಬ್ಯಾಟರಿ 35 ನಿಮಿಷ ಬಂದರೆ ಹೆಚ್ಚು, ಹಾಗಾಗಿ 5 ಮೀಟರ್ ಎಕ್ಸ್‌ಟೆನ್ಷನ್ ಬಾಕ್ಸ್ ಜೊತೆಗೇ ಹೋಗುತ್ತದೆ. ಹೊಸ ಲ್ಯಾಪ್‌ಟಾಪ್ ಕೊಡಿಸುತ್ತೇವೆ ಅಂತ ಹಳೆಯ ವಿದ್ಯಾರ್ಥಿಗಳು ಕೇಳಿದರು. ಬೇಡ, ಇದಕ್ಕೇ ಒಂದು ಬ್ಯಾಟರಿ, ರೋಬೋಗೆ ಇನ್ನೆರಡು ಜೋಡಿ ಸೆಲ್ ಕೊಡಿಸಿ ಅಂದಿದ್ದೇನೆ.