ಗ್ಲಾಸ್ಗೋದಿಂದ ಒಂದು ದಿನದ ಬೆಟ್ಟ: ನೆವಿಸ್, ಲೋಮಂಡ್, ಕಾಬ್ಲರ್

ಓದಲೆಂದೋ ಕೆಲಸಕ್ಕೆಂದೋ ಗ್ಲಾಸ್ಗೋಗೆ ಬಂದ ನಮ್ಮವರಿಗೆ ಮೊದಲ ಬೇಸಿಗೆಯಲ್ಲೇ ಬೆನ್ ನೆವಿಸ್ ಹತ್ತಬೇಕು. ಇಡೀ ಬ್ರಿಟನ್ನಿನಲ್ಲೇ ಎತ್ತರದ್ದು, 1,345 ಮೀಟರ್. 'ನಮ್ಮ ಮುಳ್ಳಯ್ಯನಗಿರಿ 1,930, ಇದೇನು ಮಹಾ' ಎನ್ನುವ ಮಾತೂ ಅದರ ಹಿಂದೆಯೇ ಬರುತ್ತದೆ. ಮುಳ್ಳಯ್ಯನಗಿರಿಯ ತುದಿಯ ಹತ್ತಿರದವರೆಗೆ ಗಾಡಿ ಹೋಗುತ್ತದೆ ಸ್ವಾಮಿ. ನೆವಿಸ್‌ನಲ್ಲಿ ಹತ್ತುವುದು ಶುರುವಾಗುವುದೇ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿ. ಹೋಲಿಸಲೇಬೇಕೆಂದರೆ ಕುಕ್ಕೆಯಿಂದ ಕುಮಾರಪರ್ವತಕ್ಕೆ ಹೋಲಿಸಿ, ಅದೂ ನಡುವೆ ಭಟ್ಟರ ಮನೆಯ ಊಟವಿಲ್ಲದೆ.

ನೆವಿಸ್, ಬೆನ್ ಲೋಮಂಡ್, ಕಾಬ್ಲರ್ ಮೂರನ್ನೂ ಬೇರೆ ಬೇರೆ ಹವೆಯಲ್ಲಿ ಹತ್ತಿದ್ದೇನೆ. ನನ್ನ ಬಳಿ ಕಾರಿಲ್ಲ, ಹಗ್ಗ ಕಟ್ಟಿ ಬಂಡೆ ಹತ್ತುವ ಧೈರ್ಯವೂ ಇಲ್ಲ. ಅಂಥವರಿಗೆ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಕೈಯಲ್ಲಿ ಒಂದೇ ದಿನ ಇದ್ದರೆ ಕಾಬ್ಲರ್. ಎತ್ತರದಲ್ಲಿ ಮೂರರಲ್ಲೂ ಚಿಕ್ಕದು ಅದೇ, 884 ಮೀಟರ್. 3,000 ಅಡಿ ಮುಟ್ಟುವುದಿಲ್ಲವಾದ್ದರಿಂದ ಅದಕ್ಕೆ ಮನ್ರೋ ಎಂಬ ಪದವಿಯೂ ಇಲ್ಲ. 1891ರಲ್ಲಿ ಹ್ಯೂ ಮನ್ರೋ ಮಾಡಿದ ಪಟ್ಟಿಯನ್ನು ಹಿಡಿದುಕೊಂಡು ಇವತ್ತಿಗೂ 282 ಬೆಟ್ಟಗಳಿಗೆ ಒಂದೊಂದಾಗಿ ಟಿಕ್ ಹಾಕುತ್ತಾ ಹೋಗುವವರು ಇಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ನನ್ನ ಆಯ್ಕೆ ಹಿಡಿಸಲಿಕ್ಕಿಲ್ಲ.

ಮೊದಲು ಸಮಯದ ಲೆಕ್ಕ. ನೇಸ್ಮಿತ್ ಎಂಬ ಸ್ಕಾಟಿಷ್ ಚಾರಣಿಗ 1892ರಲ್ಲಿ ಕೊಟ್ಟ ಸೂತ್ರವನ್ನು ಇಲ್ಲಿ ಎಲ್ಲರೂ ಬಳಸುತ್ತಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನೆವಿಸ್ ಹೋಗಿಬರಲು ಸುಮಾರು 17 ಕಿಲೋಮೀಟರ್, ಅಂದರೆ ಐದೂಮುಕ್ಕಾಲು ಗಂಟೆ. ಲೋಮಂಡ್ 12 ಕಿಲೋಮೀಟರ್, ನಾಲ್ಕು ಗಂಟೆ. ಕಾಬ್ಲರ್ 11 ಕಿಲೋಮೀಟರ್, ಅದಕ್ಕಿಂತ ತುಸು ಕಡಿಮೆ. ಇದರಲ್ಲಿ ಕೂತು ತಿನ್ನುವುದು, ಫೋಟೋ, ಮಂಡಿನೋವು ಯಾವುದೂ ಸೇರಿಲ್ಲ. ನಮ್ಮಂಥವರು ಅರ್ಧದಷ್ಟು ಸೇರಿಸಿಕೊಳ್ಳುವುದು ಒಳ್ಳೆಯದು. ಆಗ ನೆವಿಸ್ ಎಂಟು ಗಂಟೆ ದಾಟುತ್ತದೆ.

ಎಂಟು ಗಂಟೆ ನಡೆಯುವುದೇನೋ ಸರಿ, ನಡೆಯಲು ಶುರು ಮಾಡುವುದು ಯಾವಾಗ? ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ಬೆಳಗ್ಗೆ ರೈಲು ಹತ್ತಿದರೆ ನೆವಿಸ್ ಬುಡದ ಊರಾದ ಫೋರ್ಟ್ ವಿಲಿಯಂ ತಲುಪಲು ಹತ್ತಿರಹತ್ತಿರ ನಾಲ್ಕು ಗಂಟೆ. ಇಳಿಯುವಾಗ ನಡುಹಗಲು. ಅಲ್ಲಿಂದ ಹತ್ತುವ ದಾರಿ ಶುರುವಾಗುವ ಗ್ಲೆನ್ ನೆವಿಸ್ ಕಣಿವೆಗೆ ಇನ್ನಷ್ಟು ನಡಿಗೆ. ಹತ್ತಿ ಇಳಿಯುವಷ್ಟರಲ್ಲಿ ವಾಪಸ್ ರೈಲು ಹೊರಟು ಎಷ್ಟೋ ಹೊತ್ತಾಗಿರುತ್ತದೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಮಲಗಲು ಜಾಗ ಮಾತ್ರ ಇರುವುದಿಲ್ಲ. ಕಾರಿದ್ದವರು ಒಂದೇ ದಿನದಲ್ಲಿ ಮಾಡುತ್ತಾರೆ ನಿಜ. ಆದರೆ ಅಷ್ಟು ನಡೆದ ಕಾಲಲ್ಲಿ ಕತ್ತಲಲ್ಲಿ ಲಾಕ್ ಲೋಮಂಡ್ ಸರೋವರದ ದಡದ ಆ ಇಕ್ಕಟ್ಟು ರಸ್ತೆಯಲ್ಲಿ ಗಾಡಿ ಓಡಿಸುವುದನ್ನು ನಾನು ಯಾರಿಗೂ ಹೇಳಲಾರೆ.

ಲೋಮಂಡ್ ದೂರದ ಲೆಕ್ಕದಲ್ಲಿ ಹತ್ತಿರ, ತಲುಪುವ ಲೆಕ್ಕದಲ್ಲಿ ಕಷ್ಟ. ಹತ್ತುವ ದಾರಿ ಶುರುವಾಗುವ ರೊವಾರ್ಡೆನನ್ ಎಂಬಲ್ಲಿ ರಸ್ತೆಯೇ ಮುಗಿಯುತ್ತದೆ, ಬಸ್ಸು ಅದಕ್ಕೂ ಮೊದಲೇ ಬಾಲ್ಮಹಾದಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಸರೋವರದ ಎದುರು ದಡದ ಟಾರ್ಬೆಟ್‌ನಿಂದ ದೋಣಿ ಉಂಟು, ಅದರ ವೇಳೆ ನೋಡಿಕೊಂಡು ಓಡೋಡಿ ಇಳಿಯಬೇಕು. ಕಾರಿನವರಿಗೆ ಇದು ಒಂದು ಗಂಟೆಯ ದಾರಿ, ಬಿಸಿಲಿನ ಭಾನುವಾರವಾದರೆ ಪಾರ್ಕಿಂಗ್ ಬೆಳಗ್ಗೆಯೇ ಭರ್ತಿ. ಕಾಬ್ಲರ್‌ಗೆ ಇವಾವ ತಾಪತ್ರಯವೂ ಇಲ್ಲ. ಅದೇ ಫೋರ್ಟ್ ವಿಲಿಯಂ ರೈಲಿನಲ್ಲಿ ಒಂದೂಕಾಲು ಗಂಟೆ ಕೂತು ಅರೋಕರ್‌ನಲ್ಲಿ ಇಳಿದರಾಯಿತು. ಬುಕ್ಯಾನನ್ ನಿಲ್ದಾಣದಿಂದ ಬಸ್ಸೂ ಇದೆ. ಲಾಕ್ ಲಾಂಗ್ ಎಂಬ ಕಡಲ ಕೊಲ್ಲಿಯ ತಲೆಯಲ್ಲಿ ದಾರಿ ಶುರು, ಸಂಜೆ ಮನೆಯ ಅಡುಗೆಗೆ ವಾಪಸ್.

ಇನ್ನು ಬೆಟ್ಟಗಳ ಗುಣ. ನೆವಿಸ್‌ನ ದಾರಿ ಬೇಸರದ್ದು ಎಂದರೆ ಕೆಲವರಿಗೆ ಕೋಪ ಬರುತ್ತದೆ. ಮೇಲಿನ ಹವಾಮಾನ ವೀಕ್ಷಣಾಲಯಕ್ಕೆ ಕುದುರೆಗಳ ಮೇಲೆ ಸಾಮಾನು ಸಾಗಿಸಲು 1883ರಲ್ಲಿ ಮಾಡಿದ ದಾರಿ ಅದು. ಕುದುರೆಗೆ ಅನುಕೂಲವಾದ್ದು ಕಣ್ಣಿಗೆ ಹಬ್ಬವಾಗಬೇಕೆಂದಿಲ್ಲವಲ್ಲ. ನಡುವೆ ಒಂದು ಪುಟ್ಟ ಕೆರೆ, ಅದು ದಾಟಿದರೆ ಕಲ್ಲುರಾಶಿಯ ಮೇಲೆ ಅಂಕುಡೊಂಕು, ಮತ್ತೆ ಅಂಕುಡೊಂಕು. ಮೇಲೆ ಹೋದರೆ ಬಹಳ ಸಲ ಮೋಡ. ಆದರೂ ಆ ವೀಕ್ಷಣಾಲಯದ ಮುರುಕು ಗೋಡೆಗಳ ನಡುವೆ ನಿಂತಾಗ ನನ್ನ ತಕರಾರು ಸ್ವಲ್ಪ ಕರಗಿತು. 1904ರಲ್ಲಿ ಮುಚ್ಚುವವರೆಗೆ ವರ್ಷಪೂರ್ತಿ ಇಲ್ಲಿ ಜನ ಇದ್ದು ಗಂಟೆಗಂಟೆಗೂ ಅಳತೆ ಬರೆದಿಟ್ಟರು. 1894ರ ಸೆಪ್ಟೆಂಬರಿನಲ್ಲಿ ಸಿ.ಟಿ.ಆರ್. ವಿಲ್ಸನ್ ಎಂಬ ಭೌತವಿಜ್ಞಾನಿ ಇಲ್ಲಿ ಕೆಲವು ವಾರ ಇದ್ದರು. ಮೋಡದ ಮೇಲೆ ಬಿದ್ದ ನೆರಳಿನ ಸುತ್ತ ಮೂಡುವ ಬಣ್ಣದ ಬಳೆಗಳನ್ನು ಕಂಡು, ಅಂಥ ಮೋಡವನ್ನು ಪ್ರಯೋಗಾಲಯದಲ್ಲಿ ಮಾಡಲು ಹೊರಟರು. ಅದೇ ಮುಂದೆ ಕಣ್ಣಿಗೆ ಕಾಣದ ಕಣಗಳ ಜಾಡು ತೋರಿಸುವ ಕ್ಲೌಡ್ ಚೇಂಬರ್ ಆಯಿತು, 1927ರಲ್ಲಿ ನೊಬೆಲ್ ಬಂತು. ನನಗೆ ಸಿಕ್ಕಿದ್ದು ಬಣ್ಣವಿಲ್ಲದ ಮೋಡ ಮಾತ್ರ.

ಆ ಮೋಡದಲ್ಲಿ ಅಪಾಯವೂ ಇದೆ. ಶಿಖರದ ಒಂದು ಪಕ್ಕದಲ್ಲಿ ನೂರಾರು ಮೀಟರ್ ಆಳದ ಉತ್ತರ ಮುಖ, ಇನ್ನೊಂದು ಪಕ್ಕದಲ್ಲಿ ಫೈವ್ ಫಿಂಗರ್ ಗಲ್ಲಿ ಎಂಬ ಕಡಿದಾದ ಕೊರಕಲು. ಏನೂ ಕಾಣದಿದ್ದಾಗ ತುದಿಯ ಸರ್ವೆ ಕಂಬದಿಂದ ಗ್ರಿಡ್ ಬೇರಿಂಗ್ (ನಕ್ಷೆಯ ಉತ್ತರದಿಂದ ಅಳೆದ ದಿಕ್ಕು) 231 ಡಿಗ್ರಿ ಹಿಡಿದು 150 ಮೀಟರ್, ಆಮೇಲೆ 282 ಡಿಗ್ರಿ. ದಿಕ್ಸೂಚಿ ಬಳಸಲು ಬಾರದಿದ್ದರೆ ಮೋಡದ ದಿನ ನೆವಿಸ್ ಬೇಡ. ಚಳಿಗಾಲದಲ್ಲಂತೂ ಹಿಮಗೊಡಲಿ (ಐಸ್ ಆಕ್ಸ್), ಬೂಟಿಗೆ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್ ಇಲ್ಲದೆ ಮಾತೇ ಇಲ್ಲ. ಮೇಲೆ ಹಿಮ ಮೇ ತಿಂಗಳವರೆಗೂ ಉಳಿದಿರಬಹುದು.

ಲೋಮಂಡ್, 974 ಮೀಟರ್, ಮೂರರಲ್ಲಿ ಸಭ್ಯ ಬೆಟ್ಟ. ಮನ್ರೋಗಳಲ್ಲಿ ತೀರಾ ದಕ್ಷಿಣದ್ದು. ಅಗಲವಾದ ದಾರಿ, ಹಿಂತಿರುಗಿ ನೋಡಿದಾಗಲೆಲ್ಲ ಕೆಳಗೆ ಸರೋವರ, ಅದರ ತುಂಬ ದ್ವೀಪಗಳು. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಇದೇ. ಟಾರ್ಮಿಗನ್ ಎಂಬ ದಿಣ್ಣೆಸಾಲಿನ ಮೇಲೆ ಹತ್ತಿ ಮಾಮೂಲಿ ದಾರಿಯಲ್ಲಿ ಇಳಿದರೆ ಇನ್ನೂ ರುಚಿ, ತುದಿಯ ಹತ್ತಿರ ಮಾತ್ರ ಕಡಿದು.

ಕಾಬ್ಲರ್‌ನಲ್ಲಿ ಮೊದಲ ಮುಕ್ಕಾಲು ಗಂಟೆ ಮರಗಳ ನಡುವೆ ಸುಮ್ಮನೆ ಏರು. ಆಮೇಲೆ ಒಮ್ಮೆಲೇ ಬಯಲು, ಪಕ್ಕದಲ್ಲಿ ತೊರೆ, ಎದುರಿಗೆ ಮೂರು ಕೋಡಿನ ಬಂಡೆ. ಮನೆಯಷ್ಟು ದೊಡ್ಡ ನಾರ್ನೇನ್ ಬಂಡೆಗಳ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಊಟ. ಕೊನೆಗೆ ಶಿಖರ, ಅಂದರೆ ಒಂದು ಒಂಟಿ ಕಲ್ಲುಗಂಬ. ಅದರ ನಡುವಿನ ತೂತಿನಲ್ಲಿ ನುಸುಳಿ, ಆಚೆ ಬದಿಯ ಓರೆ ಚಾಚಿನ ಮೇಲೆ ಕಾಲಿಟ್ಟು ಮೇಲೇರಬೇಕು, ಕೆಳಗೆ ಬರೀ ಗಾಳಿ. ನಾನು ತೂತಿನೊಳಗೆ ತಲೆ ಹಾಕಿ ನೋಡಿ ವಾಪಸ್ ಬಂದವರ ಗುಂಪಿನವನು. ಕಲ್ಲು ಒದ್ದೆಯಾಗಿದ್ದರೆ ನೀವೂ ಅದೇ ಮಾಡಿ. ಕಂಬದ ಬುಡದಿಂದಲೂ ನೋಟಕ್ಕೇನೂ ಕೊರತೆಯಿಲ್ಲ.

ಮೂರಕ್ಕೂ ಹವೆ ನೋಡುವುದು ಎಂಡಬ್ಲ್ಯುಐಎಸ್ ಎಂಬ ಬೆಟ್ಟಗಳ ಮುನ್ಸೂಚನೆಯಲ್ಲಿ. ಶಿಖರದಲ್ಲಿ ಮೋಡವಿಲ್ಲದಿರುವ ಸಾಧ್ಯತೆಯನ್ನು ಅದು ಶೇಕಡಾವಾರು ಹೇಳುತ್ತದೆ. ಊರಿನ ಹವೆ ನಂಬಬೇಡಿ, ಕೆಳಗಿಗಿಂತ ನೆವಿಸ್ ತುದಿ ಎಂಟೊಂಬತ್ತು ಡಿಗ್ರಿ ತಣ್ಣಗಿರುತ್ತದೆ. ಗಾಳಿ ನಿಂತ ಬೇಸಿಗೆ ಸಂಜೆ ಮಿಡ್ಜ್ ಎಂಬ ನುಸಿ ಮುತ್ತುತ್ತದೆ, ಮಲೆನಾಡಿನ ಉಂಬಳವೇ ಎಷ್ಟೋ ವಾಸಿ ಎನ್ನಿಸುತ್ತದೆ. ಬುತ್ತಿಗೆ ಚಿತ್ರಾನ್ನ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುತ್ತಿಕೊಂಡರೆ ಕೈಗವಸು ಬಿಚ್ಚದೆ ತಿನ್ನಬಹುದು.

ಇಷ್ಟಾದ ಮೇಲೂ ನೆವಿಸ್ ಬೇಕೇ ಬೇಕು ಎನ್ನುವವರು ಶುಕ್ರವಾರ ಸಂಜೆಯೇ ಫೋರ್ಟ್ ವಿಲಿಯಂಗೆ ಹೋಗಿ ಎರಡು ರಾತ್ರಿ ಉಳಿಯಿರಿ. ಶನಿವಾರ ಕೆಟ್ಟರೆ ಭಾನುವಾರ ಇರುತ್ತದೆ, ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಕೊನೆಗೆ ಕೆಳಗೆ. ಸೆಪ್ಟೆಂಬರಿನ ಮೊದಲ ಶನಿವಾರವನ್ನು ಮಾತ್ರ ಬಿಡಿ, ಅವತ್ತು ಬೆನ್ ನೆವಿಸ್ ಓಟ. ಅದೇ ಬೆಟ್ಟವನ್ನು ಒಂದೂವರೆ ಗಂಟೆಯೊಳಗೆ ಹತ್ತಿ ಇಳಿದವರೂ ಇದ್ದಾರೆ, ಅವರು ಕೆಳಗೆ ಧುಮುಕುವಾಗ ದಾರಿಯಲ್ಲಿ ನಾವಿರಬಾರದು.